ನಿಸ್ತಂತು ಕೀಲಿಮಣೆಯೂ ಕೆ.ವಿ.ಎಂ. ಸ್ವಿಚ್ಚೂ: ಒಂದು ವಿವೇಚನೆ

ಇತಿಹಾಸದ ಸಂಶೋಧನೆಗೆ ಗಣಕಯಂತ್ರವು ಇಂದು ಲೇಖನಿಯಷ್ಟೇ ಅವಶ್ಯಕವಾದ ಉಪಕರಣವಾಗಿದೆ. ಶಾಸನಗಳ ಪಡಿಯಚ್ಚುಗಳು, ಓಲೆಯ ಪ್ರತಿಗಳು, ಕಡತಗಳು, ಹಳೆಯ ವೃತ್ತಪತ್ರಿಕೆಗಳು ಇವೆಲ್ಲವೂ ಛಾಯಾಚಿತ್ರಗಳ ರೂಪದಲ್ಲಿ ಯಂತ್ರದೊಳಗೆ ಸೇರುತ್ತಿವೆ. ಅವುಗಳ ಪಾಠವನ್ನು ಓದಿ ಬರೆದಿಡುವ ಕಾರ್ಯವೂ ಯಂತ್ರದ ಮೇಲೆಯೇ ನಡೆಯುತ್ತಿದೆ. ಇಂಥ ಕಾರ್ಯದಲ್ಲಿ ತೊಡಗಿದವರು ಅನೇಕ ವೇಳೆ ಎರಡು ಯಂತ್ರಗಳನ್ನು ಬಳಸಬೇಕಾಗುತ್ತದೆ. ಮೂಲಪ್ರತಿಗಳ ಚಿತ್ರಗಳನ್ನೂ ಇನ್ನೂ ಅಚ್ಚಾಗದ ಪಾಠಗಳನ್ನೂ ಇಟ್ಟಿರುವ ಯಂತ್ರವನ್ನು ಅಂತರಜಾಲದಿಂದ ದೂರವಿಡುವುದು ವಿವೇಕವೆನಿಸುತ್ತದೆ. ಗ್ರಂಥಸೂಚಿಗಳನ್ನು ನೋಡುವುದಕ್ಕೂ ಪತ್ರವ್ಯವಹಾರಕ್ಕೂ ಅಂತರಜಾಲಕ್ಕೆ ಸೇರಿದ ಮತ್ತೊಂದು ಯಂತ್ರವಿಲ್ಲದೆ ನಡೆಯದು. ಒಂದೇ ಮೇಜಿನ ಮೇಲೆ ಎರಡು ಕೀಲಿಮಣೆ, ಎರಡು ಮೌಸು, ಎರಡು ಪರದೆಗಳನ್ನು ಹರಡಿಕೊಂಡರೆ ಪುಸ್ತಕವನ್ನಿಡಲು ಸ್ಥಳವೇ ಉಳಿಯದು. ಈ ಇಕ್ಕಟ್ಟನ್ನು ಪರಿಹರಿಸುವ ಸಾಧನವೇ ಕೆ.ವಿ.ಎಂ. ಸ್ವಿಚ್ಚು. ಕೀಬೋರ್ಡ್, ವಿಡಿಯೋ, ಮೌಸ್ ಎಂಬ ಮೂರು ಪದಗಳ ಮೊದಲಕ್ಷರಗಳಿಂದ ಈ ಹೆಸರು ಬಂದಿದೆ. ಒಂದು ಕೀಲಿಮಣೆ, ಒಂದು ಮೌಸು, ಒಂದು ಪರದೆ ಇವುಗಳನ್ನು ಗುಂಡಿಯೊಂದನ್ನು ಒತ್ತಿದ ಮಾತ್ರಕ್ಕೆ ಬೇಕಾದ ಯಂತ್ರಕ್ಕೆ ತಿರುಗಿಸುವುದು ಇದರ ಕೆಲಸ.

ಮೇಜನ್ನು ಹಗುರಗೊಳಿಸಲು ಬಯಸುವವರು ಸ್ವಿಚ್ಚಿನೊಡನೆ ನಿಸ್ತಂತು ಕೀಲಿಮಣೆಯನ್ನೂ ನಿಸ್ತಂತು ಮೌಸನ್ನೂ ಬಯಸುವುದು ಸಹಜ. ಆದರೆ ಇವು ಒಂದಕ್ಕೊಂದು ಯಾವಾಗಲೂ ಹೊಂದಿಕೊಳ್ಳುವುದಿಲ್ಲ. ಕೆಲವು ಸಂದರ್ಭಗಳಲ್ಲಿ ಕೀಲಿಮಣೆ ನಡೆದು ಮೌಸು ನಿಲ್ಲುತ್ತದೆ. ಕೆಲವು ಸಂದರ್ಭಗಳಲ್ಲಿ ಪರದೆ ಒಂದು ಯಂತ್ರಕ್ಕೂ ಅಕ್ಷರಗಳು ಮತ್ತೊಂದು ಯಂತ್ರಕ್ಕೂ ಹೋಗುತ್ತವೆ. ಈ ಕೊನೆಯ ದೋಷವು ಕೇವಲ ಅನನುಕೂಲವಲ್ಲ. ಕಣ್ಣಿಗೆ ಕಾಣದ ಯಂತ್ರದಲ್ಲಿ ತೆರೆದಿಟ್ಟ ಪಾಠದೊಳಗೆ ನಾಲ್ಕು ಅಕ್ಷರಗಳು ಸೇರಿಕೊಂಡರೆ, ಹಿಂದೆ ಲಿಪಿಕಾರರ ಕೈತಪ್ಪಿನಿಂದ ಪ್ರತಿಗಳಲ್ಲಿ ಹೊಕ್ಕ ಅಪಪಾಠಗಳಂತೆಯೇ ಅವು ಅಲ್ಲಿ ನಿಂತುಬಿಡಬಹುದು. ಆದಕಾರಣ ಇಂಥ ತೊಡಕುಗಳು ಏಕೆ ಉಂಟಾಗುತ್ತವೆ, ಅವನ್ನು ಹೇಗೆ ತಪ್ಪಿಸಬಹುದು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸುತ್ತೇವೆ. ಸಾಧನವೊಂದರ ವರ್ತನೆಯನ್ನು ಅದರ ಹುಟ್ಟಿನಿಂದ ತಿಳಿಯುವುದು ಇತಿಹಾಸದ ಅಭ್ಯಾಸಿಗಳಿಗೆ ಸಹಜವಾದ ಕ್ರಮ. ಅದೇ ಕ್ರಮವನ್ನು ಇಲ್ಲಿಯೂ ಅನುಸರಿಸಿದ್ದೇವೆ.

ಸ್ವಿಚ್ಚಿನ ಉಗಮ

ಸ್ವಿಚ್ಚು ಒಂದುಗೂಡಿಸುವ ಮೂರು ಉಪಕರಣಗಳು ಬೇರೆ ಬೇರೆ ಕಾಲದಲ್ಲಿ ಹುಟ್ಟಿದವು. ಕೀಲಿಮಣೆಯ ವಿನ್ಯಾಸವು 1874ರಲ್ಲಿ ಅಮೆರಿಕದ ರೆಮಿಂಗ್ಟನ್ ಸಂಸ್ಥೆಯು ಮಾರಾಟಕ್ಕೆ ತಂದ ಬೆರಳಚ್ಚು ಯಂತ್ರದಿಂದ ಇಳಿದು ಬಂದದ್ದು. ಮೌಸನ್ನು ಡಗ್ಲಾಸ್ ಎಂಗೆಲ್‌ಬಾರ್ಟ್ ಅವರು ಕಲ್ಪಿಸಿದರು. 1968ನೆಯ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಅವರು ಅದನ್ನು ವಿದ್ವಾಂಸರ ಸಭೆಯ ಮುಂದೆ ಪ್ರದರ್ಶಿಸಿದರು. 1981ರಲ್ಲಿ ಐ.ಬಿ.ಎಂ. ಸಂಸ್ಥೆಯ ವೈಯಕ್ತಿಕ ಗಣಕವು ಹೊರಬಂದಾಗ ಅದಕ್ಕೆ ಕೀಲಿಮಣೆಯೂ ಪರದೆಯೂ ಇದ್ದುವು, ಮೌಸು ಇರಲಿಲ್ಲ. 1987ರಲ್ಲಿ ಅದೇ ಸಂಸ್ಥೆಯು ಪಿ.ಎಸ್.-2 ಎಂಬ ಯಂತ್ರಗಳನ್ನು ಹೊರತಂದು, ಕೀಲಿಮಣೆಗೊಂದು, ಮೌಸಿಗೊಂದು ಎಂದು ಆರು ಸೂಜಿಗಳ ದುಂಡನೆಯ ಎರಡು ಪೋರ್ಟುಗಳನ್ನು ಕೊಟ್ಟಿತು. ಮುಂದೆ ಹಲವು ವರ್ಷಗಳ ಕಾಲ ಈ ಪದ್ಧತಿಯೇ ನಡೆದುಬಂದಿತು.

ಯಂತ್ರಗಳು ಅಗ್ಗವಾಗಿ ಒಂದೇ ಕೊಠಡಿಯಲ್ಲಿ ಹತ್ತಾರು ಸೇರತೊಡಗಿದಾಗ, ಪ್ರತಿಯೊಂದಕ್ಕೂ ಪ್ರತ್ಯೇಕವಾದ ಕೀಲಿಮಣೆ ಪರದೆಗಳನ್ನಿಡುವುದು ದುಂದುವೆಚ್ಚವಾಗಿ ತೋರಿತು. ಆಗ ಬಳಕೆಗೆ ಬಂದ ಮೊದಲ ಸ್ವಿಚ್ಚುಗಳು ತಿರುಗುವ ಗುಬುಟನ್ನುಳ್ಳ ಬರಿಯ ಪೆಟ್ಟಿಗೆಗಳು. ಗುಬುಟನ್ನು ತಿರುಗಿಸಿದರೆ ತಂತಿಗಳ ಸಂಪರ್ಕವು ಒಂದು ಯಂತ್ರದಿಂದ ಕಳಚಿ ಮತ್ತೊಂದಕ್ಕೆ ಸೇರುತ್ತಿದ್ದಿತು, ಅಷ್ಟೆ. ಇದರಲ್ಲಿ ಎರಡು ದೊಡ್ಡ ಕುಂದುಗಳು ಕಾಣಿಸಿಕೊಂಡುವು. ಯಂತ್ರವು ಎಚ್ಚರಗೊಳ್ಳುವಾಗ ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಆ ಗಳಿಗೆಯಲ್ಲಿ ಕೀಲಿಮಣೆಯು ಬೇರೊಂದು ಯಂತ್ರದ ಕಡೆಗೆ ತಿರುಗಿದ್ದರೆ, ಕೀಲಿಮಣೆಯಿಲ್ಲವೆಂದು ದೂರಿ ಯಂತ್ರವು ಅಲ್ಲಿಯೇ ನಿಂತುಬಿಡುತ್ತಿದ್ದಿತು. ಮುಂದುವರಿಯಲು ಕೀಲಿಯೊಂದನ್ನು ಒತ್ತಿರೆಂದು ಅದು ಕೇಳುತ್ತಿದ್ದುದು ಬಹುಕಾಲ ನಗೆಯ ವಸ್ತುವಾಗಿದ್ದಿತು. ಮೌಸಿನ ಸ್ಥಿತಿಯೂ ಇದಕ್ಕಿಂತ ಉತ್ತಮವಾಗಿರಲಿಲ್ಲ. ಪಿ.ಎಸ್.-2 ಮೌಸು ಯಂತ್ರದಿಂದ ಅಪ್ಪಣೆ ಬಂದ ಬಳಿಕವೇ ತನ್ನ ಚಲನೆಯನ್ನು ವರದಿ ಮಾಡತಕ್ಕದ್ದು. ನಡುವೆ ಒಮ್ಮೆ ವಿದ್ಯುತ್ತು ಕಡಿದರೆ ಆ ಅಪ್ಪಣೆಯನ್ನು ಅದು ಮರೆತುಬಿಡುತ್ತಿದ್ದಿತು.

ಈ ಕುಂದುಗಳ ನಿವಾರಣೆಗಾಗಿ ಸ್ವಿಚ್ಚಿನೊಳಗೆ ಒಂದು ಪುಟ್ಟ ಗಣಕವನ್ನೇ ಅಳವಡಿಸಿದರು. ಯಾವ ಯಂತ್ರವು ಆ ಹೊತ್ತಿಗೆ ಆಯ್ಕೆಯಾಗಿಲ್ಲವೋ ಅದಕ್ಕೆ ಸ್ವಿಚ್ಚೇ ಕೀಲಿಮಣೆಯಾಗಿ, ಸ್ವಿಚ್ಚೇ ಮೌಸಾಗಿ ಉತ್ತರ ಕೊಡುತ್ತಿರುತ್ತದೆ. ಇದಕ್ಕೆ ಎಮ್ಯುಲೇಶನ್ ಎಂದು ಹೆಸರು. ಕನ್ನಡದಲ್ಲಿ ಅನುಕರಣವೆಂದು ಕರೆಯಬಹುದು. ಹೀಗೆ ಸ್ವಿಚ್ಚು ಬರಿಯ ತಂತಿಯ ತಿರುವಾಗಿ ಉಳಿಯದೆ, ಎರಡು ಕಡೆಯ ಮಾತನ್ನೂ ಬಲ್ಲ ಮಧ್ಯವರ್ತಿಯಾಯಿತು. ಈ ಮಧ್ಯವರ್ತಿಯು ಬಲ್ಲ ಮಾತು ಸಾಮಾನ್ಯವಾದ ತಂತಿಯ ಕೀಲಿಮಣೆಯ ಮಾತು ಎಂಬುದನ್ನು ವಾಚಕರು ಗಮನದಲ್ಲಿಡಬೇಕು. ಮುಂದೆ ಬರುವ ಬಹುಪಾಲು ತೊಡಕುಗಳಿಗೆ ಇದೇ ಮೂಲ.

ಕೀಲಿಮಣೆಯು ಹೇಳುವುದೇನು?

ಕೀಲಿಮಣೆಯು ಯಂತ್ರಕ್ಕೆ ಅಕ್ಷರಗಳನ್ನು ಕಳುಹಿಸುತ್ತದೆಂಬುದು ಸಾಮಾನ್ಯವಾದ ಭಾವನೆ. ವಾಸ್ತವವಾಗಿ ಅದು ಕಳುಹಿಸುವುದು ಯಾವ ಸ್ಥಾನದ ಕೀಲಿ ಒತ್ತಲ್ಪಟ್ಟಿತು ಎಂಬ ಸಂಖ್ಯೆಯನ್ನು ಮಾತ್ರ. 1996ರಲ್ಲಿ ಯು.ಎಸ್.ಬಿ. ಎಂಬ ಸರ್ವಸಾಮಾನ್ಯ ಜೋಡಣೆಯ ಪದ್ಧತಿಯು ಪ್ರಕಟವಾಯಿತು. ಅದರ ನಿಯಮಗಳಲ್ಲಿ ಪ್ರತಿ ಕೀಲಿಗೂ ಒಂದು ನಿಶ್ಚಿತ ಸಂಖ್ಯೆಯುಂಟು. ನಿದರ್ಶನಕ್ಕೆ ಜೆ ಎಂಬ ಇಂಗ್ಲಿಷ್ ಅಕ್ಷರದ ಕೀಲಿಯನ್ನು ತೆಗೆದುಕೊಳ್ಳೋಣ. ಅದನ್ನು ಒತ್ತಿದಾಗ 13 ಎಂಬ ಸಂಖ್ಯೆ ಹೋಗುತ್ತದೆ. ಯಂತ್ರದಲ್ಲಿ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಅನುಸರಿಸುವ ಕಗಪ ವಿನ್ಯಾಸವಿದ್ದರೆ ಆ ಸಂಖ್ಯೆಯಿಂದ ‘ಜ’ ಮೂಡುತ್ತದೆ. ಇನ್‌ಸ್ಕ್ರಿಪ್ಟ್ ವಿನ್ಯಾಸವಿದ್ದರೆ ‘ರ’ ಮೂಡುತ್ತದೆ. ಅಕ್ಷರವು ಹುಟ್ಟುವುದು ಯಂತ್ರದೊಳಗೆ, ಕೀಲಿಮಣೆಯಲ್ಲಲ್ಲ. ಇದರಿಂದ ಕನ್ನಡದಲ್ಲಿ ಬರೆಯುವವರು ತಿಳಿಯಬೇಕಾದ ಸಂಗತಿಯೊಂದಿದೆ. ಸ್ವಿಚ್ಚಿನ ಮೂಲಕ ಒಂದೇ ಕೀಲಿಮಣೆಯನ್ನು ಎರಡು ಯಂತ್ರಗಳಿಗೆ ಬಳಸುವಾಗ ಕನ್ನಡದ ವಿನ್ಯಾಸವನ್ನು ಎರಡರಲ್ಲಿಯೂ ಪ್ರತ್ಯೇಕವಾಗಿ ನೆಲೆಗೊಳಿಸಬೇಕು. ಒಂದರಲ್ಲಿ ಒಂದು ವಿನ್ಯಾಸ, ಇನ್ನೊಂದರಲ್ಲಿ ಬೇರೊಂದು ವಿನ್ಯಾಸವಿದ್ದರೆ ಬೆರಳುಗಳು ಪದೇ ಪದೇ ಮೋಸಹೋಗುತ್ತವೆ. ಈ ತಪ್ಪನ್ನು ಸ್ವಿಚ್ಚಿನ ಮೇಲೆ ಹೊರಿಸುವುದು ನ್ಯಾಯವಲ್ಲ.

ಯು.ಎಸ್.ಬಿ. ಸಾಧನವನ್ನು ಚುಚ್ಚಿದೊಡನೆ ಯಂತ್ರವು ಅದರ ಕುಲಗೋತ್ರಗಳನ್ನು ವಿಚಾರಿಸುತ್ತದೆ. ನೀನು ಯಾರು, ನಿನ್ನನ್ನು ತಯಾರಿಸಿದವರಾರು, ನಿನ್ನೊಳಗೆ ಎಷ್ಟು ವಿಭಾಗಗಳಿವೆ, ನಿನ್ನ ವರದಿಯ ರೂಪವೇನು ಎಂಬ ಪ್ರಶ್ನೆಗಳಿಗೆ ಸಾಧನವು ಉತ್ತರ ಕೊಡಬೇಕು. ಇದಲ್ಲದೆ, ಯಂತ್ರವು ಇನ್ನೂ ಪೂರ್ಣವಾಗಿ ಎಚ್ಚರಗೊಳ್ಳದ ಸ್ಥಿತಿಯಲ್ಲಿಯೂ ಬಳಸಬಹುದಾದ ಒಂದು ಸರಳ ಭಾಷೆಯನ್ನೂ ನಿಯಮಕಾರರು ಗೊತ್ತುಪಡಿಸಿದ್ದಾರೆ. ಅದರಲ್ಲಿ ಕೀಲಿಮಣೆಯ ಪ್ರತಿ ವರದಿಯೂ 8 ಬೈಟುಗಳಷ್ಟು ಉದ್ದ. ಮೊದಲನೆಯ ಬೈಟು ಶಿಫ್ಟ್, ಕಂಟ್ರೋಲ್ ಮುಂತಾದ ಸಹಾಯಕ ಕೀಲಿಗಳಿಗೆ ಮೀಸಲು, ಎರಡನೆಯದು ಖಾಲಿ, ಉಳಿದ ಆರು ಏಕಕಾಲದಲ್ಲಿ ಒತ್ತಿದ ಆರು ಕೀಲಿಗಳಿಗೆ. ಮೌಸಿನ ವರದಿಗೆ 3 ಬೈಟುಗಳು ಸಾಕು: ಗುಂಡಿಗಳಿಗೊಂದು, ಅಡ್ಡಚಲನೆಗೊಂದು, ಉದ್ದಚಲನೆಗೊಂದು. ಅನುಕರಣದ ಸ್ವಿಚ್ಚುಗಳಲ್ಲಿ ಅನೇಕವು ಈ ಸರಳ ಭಾಷೆಯನ್ನೋ ಅದಕ್ಕೆ ಸಮೀಪವಾದುದನ್ನೋ ಮಾತ್ರ ಬಲ್ಲವು. ಸ್ಕ್ರಾಲ್ ಲಾಕ್ ಕೀಲಿಯನ್ನು ಅಥವಾ ಕಂಟ್ರೋಲ್ ಕೀಲಿಯನ್ನು ಎರಡು ಬಾರಿ ಒತ್ತಿ ಯಂತ್ರವನ್ನು ಬದಲಿಸುವ ಸೌಕರ್ಯ ಹಲವು ಸ್ವಿಚ್ಚುಗಳಲ್ಲಿದೆಯಷ್ಟೆ. ಸ್ವಿಚ್ಚು ನಡುವೆ ಕುಳಿತು ಈ ವರದಿಗಳನ್ನು ತಾನೇ ಓದಿಕೊಳ್ಳುವುದರಿಂದಲೇ ಅದು ಸಾಧ್ಯವಾಗಿದೆ.

ತಂತಿಯ ಸ್ಥಾನದಲ್ಲಿ ರೇಡಿಯೋ

ತಂತಿಯಿಲ್ಲದ ಕೀಲಿಮಣೆಯ ಕಲ್ಪನೆ ಹೊಸದಲ್ಲ. 1983ರ ನವೆಂಬರಿನಲ್ಲಿ ಐ.ಬಿ.ಎಂ. ಸಂಸ್ಥೆಯು ಘೋಷಿಸಿದ ಪಿ.ಸಿ. ಜೂನಿಯರ್ ಎಂಬ ಗಣಕದ ಕೀಲಿಮಣೆಯು ಅವಗೆಂಪು ಕಿರಣಗಳ ಮೂಲಕ ಯಂತ್ರದೊಡನೆ ವ್ಯವಹರಿಸುತ್ತಿದ್ದಿತು. ಅವಗೆಂಪು ಕಿರಣಕ್ಕೆ ಎದುರು ಬದಿರು ಇರುವುದು ಅವಶ್ಯ. ನಡುವೆ ಪುಸ್ತಕವೊಂದು ಅಡ್ಡ ಬಂದರೂ ಮಾತು ನಿಲ್ಲುತ್ತದೆ. ರೇಡಿಯೋ ತರಂಗಗಳಿಗೆ ಈ ನಿರ್ಬಂಧವಿಲ್ಲ. 1991ರಲ್ಲಿ ಲಾಜಿಟೆಕ್ ಸಂಸ್ಥೆಯು ರೇಡಿಯೋ ತರಂಗಗಳಿಂದ ನಡೆಯುವ ಮೌಸನ್ನು ಮಾರುಕಟ್ಟೆಗೆ ತಂದಿತು. ಮೊದಮೊದಲು ಇಂಥ ಸಾಧನಗಳಿಗೆ 27 ಮೆಗಾಹರ್ಟ್ಸ್ ಸಮೀಪದ ತರಂಗಗಳು ಬಳಕೆಯಲ್ಲಿದ್ದುವು, ಅನಂತರ 2.4 ಗಿಗಾಹರ್ಟ್ಸ್ ಪಟ್ಟಿಯೇ ರೂಢಿಗೆ ಬಂದಿತು. ಭಾರತದಲ್ಲಿ 2.4ರಿಂದ 2.4835 ಗಿಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಅಲ್ಪಶಕ್ತಿಯ ಸಾಧನಗಳನ್ನು ಬಳಸುವುದಕ್ಕೆ ಕೇಂದ್ರ ಸರ್ಕಾರವು 2005ರ ನಿಯಮಗಳಲ್ಲಿ ಪರವಾನಗಿಯಿಂದ ವಿನಾಯಿತಿಯನ್ನು ನೀಡಿತು.

ಇಂದು ದೊರೆಯುವ ನಿಸ್ತಂತು ಕೀಲಿಮಣೆಗಳನ್ನು ಸ್ಥೂಲವಾಗಿ ಎರಡು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯ ವರ್ಗದವು ತಮ್ಮದೇ ಆದ ರಿಸೀವರನ್ನು ಜೊತೆಯಲ್ಲಿ ತರುತ್ತವೆ. ಬೆರಳ ತುದಿಯಷ್ಟಿರುವ ಈ ರಿಸೀವರನ್ನು ಯು.ಎಸ್.ಬಿ. ಪೋರ್ಟಿಗೆ ಚುಚ್ಚಬೇಕು. ಕೀಲಿಮಣೆಗೂ ರಿಸೀವರಿಗೂ ಒಡಂಬಡಿಕೆಯು ಸಾಮಾನ್ಯವಾಗಿ ಕಾರ್ಖಾನೆಯಲ್ಲಿಯೇ ಆಗಿರುತ್ತದೆ. ಅದರ ಗುರುತು ರಿಸೀವರಿನ ಸ್ಮರಣೆಯಲ್ಲಿ ಉಳಿದಿರುತ್ತದೆ. ಲಾಜಿಟೆಕ್ ಸಂಸ್ಥೆಯು 2009ರಲ್ಲಿ ಹೊರತಂದ ಯೂನಿಫೈಯಿಂಗ್ ಎಂಬ ರಿಸೀವರು ಹೀಗೆ ಆರು ಸಾಧನಗಳನ್ನು ನೆನಪಿಡಬಲ್ಲುದು.

ಎರಡನೆಯ ವರ್ಗವು ಬ್ಲೂಟೂತ್ ಪದ್ಧತಿಯದು. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನು ಆಳಿದ ಹೆರಾಲ್ಡ್ ಎಂಬ ರಾಜನ ಉಪನಾಮದಿಂದ ಈ ಹೆಸರು ಬಂದಿದೆ. ಅದರ ಲಾಂಛನವು ಅವನ ಹೆಸರಿನ ಮೊದಲಕ್ಷರಗಳನ್ನು ಪ್ರಾಚೀನ ರೂನ್ ಲಿಪಿಯಲ್ಲಿ ಹೆಣೆದು ಮಾಡಿದ್ದೆಂಬುದು ಲಿಪಿಶಾಸ್ತ್ರದ ಅಭ್ಯಾಸಿಗಳಿಗೆ ಕುತೂಹಲಕರವಾಗಬಹುದು. 1998ರಲ್ಲಿ ಹಲವು ಸಂಸ್ಥೆಗಳು ಕೂಡಿ ಆರಂಭಿಸಿದ ಈ ಪದ್ಧತಿಯೂ ಅದೇ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ನಡೆಯುತ್ತದೆ. ಮೂಲ ಬ್ಲೂಟೂತಿನಲ್ಲಿ ಆ ಪಟ್ಟಿಯನ್ನು 79 ದಾರಿಗಳಾಗಿ ಹಂಚಿ, ಸೆಕೆಂಡಿಗೆ 1600 ಬಾರಿ ಒಂದರಿಂದ ಇನ್ನೊಂದಕ್ಕೆ ನೆಗೆಯುತ್ತ ಮಾತುಕತೆ ಸಾಗುತ್ತದೆ. ಇಲ್ಲಿ ಒಡಂಬಡಿಕೆಯು ಕೀಲಿಮಣೆಗೂ ಗಣಕಯಂತ್ರಕ್ಕೂ ನೇರವಾಗಿ ಏರ್ಪಡುತ್ತದೆ. ಅದರ ಗುಪ್ತಸಂಕೇತವು ಆ ಯಂತ್ರದಲ್ಲಿಯೇ ನೆಲೆಸಿರುತ್ತದೆ.

ಎರಡು ವರ್ಗಗಳ ಭೇದವನ್ನು ರಾಜನೀತಿಯ ಮಾತಿನಲ್ಲಿ ಹೇಳಬಹುದಾದರೆ, ಮೊದಲನೆಯದರಲ್ಲಿ ಕೀಲಿಮಣೆಯ ಸಂಧಿಯು ರಾಯಭಾರಿಯೊಡನೆ. ರಾಯಭಾರಿಯನ್ನು ಯಾವ ಆಸ್ಥಾನಕ್ಕೆ ಕಳುಹಿಸಿದರೂ ಸಂಧಿಯು ಕೆಡುವುದಿಲ್ಲ. ಎರಡನೆಯದರಲ್ಲಿ ಸಂಧಿಯು ಒಂದು ಆಸ್ಥಾನದೊಡನೆಯೇ ಆಗಿರುತ್ತದೆ. ಸ್ವಿಚ್ಚು ಸಾಗಿಸಬಲ್ಲುದು ರಾಯಭಾರಿಯನ್ನು ಮಾತ್ರ. ಆಸ್ಥಾನಗಳ ನಡುವೆ ಸಂಧಿಯನ್ನು ವರ್ಗಾಯಿಸುವ ಅಧಿಕಾರ ಅದಕ್ಕಿಲ್ಲ.

ಎರಡೂ ಎದುರಾದಾಗ

ಮೇಲಿನ ತತ್ತ್ವವನ್ನು ಗ್ರಹಿಸಿದರೆ ತೊಡಕುಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ.

ಮೊದಲು ರಿಸೀವರುಳ್ಳ ಕೀಲಿಮಣೆಯನ್ನು ನೋಡೋಣ. ಸ್ವಿಚ್ಚಿನ ಕಣ್ಣಿಗೆ ಕೀಲಿಮಣೆಯು ಬೀಳುವುದೇ ಇಲ್ಲ. ಬೀಳುವುದು ರಿಸೀವರು ಮಾತ್ರ. ಆ ರಿಸೀವರು ಸಾಮಾನ್ಯವಾಗಿ ಒಂದು ಕೀಲಿಮಣೆಯ ವಿಭಾಗ, ಒಂದು ಮೌಸಿನ ವಿಭಾಗ, ತಯಾರಕರ ಸ್ವಂತ ವ್ಯವಹಾರಕ್ಕೆ ಮತ್ತೊಂದು ವಿಭಾಗ ಹೀಗೆ ಹಲವು ಮುಖಗಳಿಂದ ತನ್ನ ಪರಿಚಯವನ್ನು ಹೇಳಿಕೊಳ್ಳುತ್ತದೆ. ಅನುಕರಣದ ಸ್ವಿಚ್ಚಿನಲ್ಲಿ ಕೀಲಿಮಣೆಗೆಂದೇ ಮೀಸಲಾದ ಪೋರ್ಟು ಒಂದು ಕೀಲಿಮಣೆಯನ್ನು ಮಾತ್ರ ನಿರೀಕ್ಷಿಸುತ್ತದೆ. ಅಲ್ಲಿ ರಿಸೀವರನ್ನು ಚುಚ್ಚಿದರೆ ಕೀಲಿಮಣೆಯ ವಿಭಾಗವನ್ನಷ್ಟೇ ಅಂಗೀಕರಿಸಿ, ಮೌಸಿನ ವಿಭಾಗವನ್ನು ಸ್ವಿಚ್ಚು ಅಲಕ್ಷಿಸುವುದುಂಟು. ಕೆಲವು ಸ್ವಿಚ್ಚುಗಳು ಇಂಥ ಬಹುಮುಖಿಯಾದ ಸಾಧನವನ್ನು ಗುರುತಿಸದೆ ಪೂರ್ಣವಾಗಿ ತಿರಸ್ಕರಿಸುತ್ತವೆ. ಕೀಲಿಮಣೆ ನಡೆದು ಮೌಸು ನಿಲ್ಲುವ ದೋಷಕ್ಕೆ ಬಹುಮಟ್ಟಿಗೆ ಇದೇ ಕಾರಣ. ಧ್ವನಿಯನ್ನು ಹೆಚ್ಚಿಸುವ ಕೀಲಿ, ಮೌಸಿನ ಪಕ್ಕದ ಗುಂಡಿಗಳು ಮುಂತಾದ ವಿಶೇಷಗಳು ಕೆಲಸ ಮಾಡದಿರುವುದಕ್ಕೂ ಸರಳ ಭಾಷೆಯಲ್ಲಿ ಅವುಗಳಿಗೆ ಪದಗಳಿಲ್ಲದಿರುವುದೇ ಕಾರಣ.

ಬಹುತೇಕ ಸ್ವಿಚ್ಚುಗಳಲ್ಲಿ ಮೀಸಲು ಪೋರ್ಟುಗಳಲ್ಲದೆ ಇತರ ಸಾಧನಗಳಿಗಾಗಿ ಸಾಮಾನ್ಯ ಪೋರ್ಟುಗಳೂ ಇರುತ್ತವೆ. ಅಲ್ಲಿ ಅನುಕರಣವಿಲ್ಲ, ಸಾಧನವನ್ನು ಒಂದು ಯಂತ್ರದಿಂದ ಕಳಚಿ ಮತ್ತೊಂದಕ್ಕೆ ಸೇರಿಸುವುದಷ್ಟೇ ನಡೆಯುತ್ತದೆ. ಯಂತ್ರವು ರಿಸೀವರನ್ನು ನೇರವಾಗಿ ಕಾಣುವುದರಿಂದ ಅದರ ಎಲ್ಲ ವಿಭಾಗಗಳೂ ಕೆಲಸ ಮಾಡುತ್ತವೆ. ಆದರೆ ಇದಕ್ಕೆ ತೆರಬೇಕಾದ ಬೆಲೆ ಎರಡು ಬಗೆಯದು. ಪ್ರತಿಬಾರಿ ತಿರುಗಿಸಿದಾಗಲೂ ಕುಲಗೋತ್ರಗಳ ವಿಚಾರಣೆಯು ಮೊದಲಿನಿಂದ ನಡೆಯಬೇಕಾಗಿ ಕೆಲವು ಗಳಿಗೆ ಕಾಯಬೇಕಾಗುತ್ತದೆ. ಆ ಅವಧಿಯಲ್ಲಿ ಒತ್ತಿದ ಕೀಲಿಗಳು ನಷ್ಟವಾಗಬಹುದು. ಇದಲ್ಲದೆ ಇಲ್ಲಿ ಸ್ವಿಚ್ಚು ವರದಿಗಳನ್ನು ಓದದ ಕಾರಣ, ಕೀಲಿಗಳನ್ನೊತ್ತಿ ಯಂತ್ರವನ್ನು ಬದಲಿಸುವ ಸೌಕರ್ಯವು ಸಾಮಾನ್ಯವಾಗಿ ಇಲ್ಲವಾಗುತ್ತದೆ. ಪೆಟ್ಟಿಗೆಯ ಮೇಲಿನ ಗುಂಡಿಯನ್ನೇ ಒತ್ತಬೇಕು. ಅನೇಕ ನಿಸ್ತಂತು ಕೀಲಿಮಣೆಗಳಲ್ಲಿ ಸ್ಕ್ರಾಲ್ ಲಾಕ್ ಕೀಲಿಯೇ ಇಲ್ಲವೆಂಬುದನ್ನೂ ಇಲ್ಲಿ ನೆನೆಯಬಹುದು.

ಈ ಎರಡು ಮಾರ್ಗಗಳ ನಡುವೆ ಮೂರನೆಯದೊಂದುಂಟು. ಚುಚ್ಚಿದ ಸಾಧನದ ಕುಲಗೋತ್ರಗಳನ್ನು ಸ್ವಿಚ್ಚು ತಾನೇ ಓದಿಕೊಂಡು, ಅದೇ ಸಾಧನದ ಪ್ರತಿರೂಪವನ್ನು ಎಲ್ಲ ಯಂತ್ರಗಳ ಮುಂದೆಯೂ ಸದಾ ನಿಲ್ಲಿಸಿರುತ್ತದೆ. ಇಂಥ ಸ್ವಿಚ್ಚಿನಲ್ಲಿ ವಿಳಂಬವೂ ಕಡಿಮೆ, ವಿಶೇಷ ಕೀಲಿಗಳೂ ಉಳಿಯುತ್ತವೆ. ಇವುಗಳ ಬೆಲೆ ಹೆಚ್ಚು ಎಂಬುದೇ ಅಡ್ಡಿ.

ಇನ್ನು ಬ್ಲೂಟೂತ್ ಕೀಲಿಮಣೆಯ ವಿಷಯ. ಇದರ ಮಾತು ಸ್ವಿಚ್ಚಿನ ಮೂಲಕ ಹಾಯುವುದೇ ಇಲ್ಲ. ತಾನು ಒಡಂಬಟ್ಟ ಯಂತ್ರದೊಡನೆ ಅದು ಗಾಳಿಯಲ್ಲಿ ನೇರವಾಗಿ ಮಾತನಾಡುತ್ತದೆ. ಹೀಗಿರಲು ಸ್ವಿಚ್ಚಿನ ಗುಂಡಿಯನ್ನೊತ್ತಿದರೆ ಪರದೆ ಮಾತ್ರ ತಿರುಗುತ್ತದೆ, ಕೀಲಿಮಣೆ ಹಿಂದಿನ ಯಂತ್ರದಲ್ಲಿಯೇ ನಿಲ್ಲುತ್ತದೆ. ಲೇಖನದ ಆರಂಭದಲ್ಲಿ ಹೇಳಿದ ಅಪಾಯವು ಉಂಟಾಗುವುದು ಇಲ್ಲಿಯೇ. ಪರದೆಯ ಮೇಲೆ ಎರಡನೆಯ ಯಂತ್ರವನ್ನು ನೋಡುತ್ತ ಒಂದು ವಾಕ್ಯವನ್ನೋ ಗುಪ್ತಪದವನ್ನೋ ಬರೆದವರು, ಅದನ್ನು ಮೊದಲನೆಯ ಯಂತ್ರದಲ್ಲಿ ತೆರೆದಿದ್ದ ಕಡತದೊಳಗೆ ಬರೆದಿರುತ್ತಾರೆ. ಎರಡನೆಯ ಪರದೆಯಲ್ಲಿ ಏನೂ ಮೂಡದಿದ್ದರೆ ತಪ್ಪು ತಿಳಿದೀತು. ಆದರೆ ತಿಳಿಯುವ ಮೊದಲೇ ಹೋದ ಅಕ್ಷರಗಳು ಹೋಗಿರುತ್ತವೆ. ಕೆಲವು ಕೀಲಿಮಣೆಗಳು ಎರಡು ಮೂರು ಯಂತ್ರಗಳೊಡನೆ ಒಡಂಬಟ್ಟು, ತಮ್ಮ ಮೇಲಿನ ಗುಂಡಿಯಿಂದ ಒಂದನ್ನು ಆರಿಸಿಕೊಳ್ಳುತ್ತವೆ. ಇವನ್ನು ಬಳಸಿದರೆ ಸ್ವಿಚ್ಚಿನ ಗುಂಡಿ, ಕೀಲಿಮಣೆಯ ಗುಂಡಿ, ಮೌಸಿನ ಗುಂಡಿ ಈ ಮೂರನ್ನೂ ಪ್ರತಿಸಲವೂ ಒಟ್ಟಿಗೆ ಬದಲಿಸಬೇಕು. ಒಂದನ್ನು ಮರೆತರೂ ಅದೇ ಅಪಾಯ. ಮೇಲಾಗಿ, ಯಂತ್ರವು ಎಚ್ಚರಗೊಳ್ಳುವ ಆರಂಭದ ಹಂತದಲ್ಲಿ ಬ್ಲೂಟೂತ್ ಕೀಲಿಮಣೆಯು ಅನೇಕ ಯಂತ್ರಗಳಲ್ಲಿ ಕೆಲಸಕ್ಕೆ ಬರುವುದಿಲ್ಲ. ಇವುಗಳಲ್ಲಿ ಕೆಲವು ಕೀಲಿಮಣೆಗಳು ಯು.ಎಸ್.ಬಿ. ತಂತಿಯಿಂದ ಜೋಡಿಸಿದಾಗ ತಂತಿಯ ಕೀಲಿಮಣೆಗಳಂತೆಯೇ ವರ್ತಿಸುತ್ತವೆ. ಅಂಥವನ್ನು ತಂತಿಯಿಂದಲೇ ಸ್ವಿಚ್ಚಿಗೆ ಸೇರಿಸುವುದು ಲೇಸು.

ಕಡೆಯದಾಗಿ ರೇಡಿಯೋ ತರಂಗಗಳ ಗೊಂದಲವನ್ನು ಹೇಳಬೇಕು. 2008ರಲ್ಲಿ ಪ್ರಕಟವಾದ ಯು.ಎಸ್.ಬಿ. 3.0 ಪದ್ಧತಿಯಲ್ಲಿ ಸೆಕೆಂಡಿಗೆ 5 ಗಿಗಾಬಿಟ್ ವೇಗದಿಂದ ಮಾಹಿತಿ ಹರಿಯುತ್ತದೆ. ಆ ಹರಿವಿನಿಂದ ಹೊರಸೂಸುವ ವಿದ್ಯುತ್ ಗದ್ದಲವು 2.4 ಗಿಗಾಹರ್ಟ್ಸ್ ಪಟ್ಟಿಯನ್ನೂ ವ್ಯಾಪಿಸಿ ನಿಸ್ತಂತು ಸಾಧನಗಳನ್ನು ಕೆಡಿಸುತ್ತದೆಂದು ಇಂಟೆಲ್ ಸಂಸ್ಥೆಯು 2012ರಲ್ಲಿ ವಿವರವಾಗಿ ಪ್ರಕಟಿಸಿತು. ಸ್ವಿಚ್ಚಿನ ಹಿಂಬದಿಯಲ್ಲಿ ಇಂಥ ತಂತಿಗಳು ಗುಂಪುಗೂಡಿರುತ್ತವೆ. ಅದರ ಹೊರಕವಚವು ಲೋಹದ್ದಾಗಿದ್ದರೆ ತರಂಗಗಳಿಗೆ ಮರೆಯೂ ಆಗುತ್ತದೆ. ಅಲ್ಲಿ ಚುಚ್ಚಿದ ರಿಸೀವರು ಅಕ್ಷರಗಳನ್ನು ನುಂಗುವುದೂ ಮೌಸು ತಡವರಿಸುವುದೂ ಆಶ್ಚರ್ಯವಲ್ಲ.

ಅನುಸರಿಸತಕ್ಕ ಕ್ರಮ

ಈ ವಿವೇಚನೆಯಿಂದ ಕೆಲವು ವ್ಯಾವಹಾರಿಕ ಸೂತ್ರಗಳು ಫಲಿಸುತ್ತವೆ.

ಸ್ವಿಚ್ಚಿನೊಡನೆ ನಿಸ್ತಂತು ಸಾಧನವನ್ನು ಬಳಸಲೇಬೇಕಾದರೆ ರಿಸೀವರುಳ್ಳದ್ದನ್ನೇ ಆರಿಸಬೇಕು. ಕೀಲಿಮಣೆ ಮೌಸುಗಳೆರಡೂ ಒಂದೇ ರಿಸೀವರಿನಿಂದ ನಡೆಯುವುದಾದರೆ ಅದನ್ನು ಮೊದಲು ಸಾಮಾನ್ಯ ಪೋರ್ಟಿನಲ್ಲಿ ಚುಚ್ಚಿ ಪರೀಕ್ಷಿಸಬೇಕು. ಎರಡೂ ಸರಿಯಾಗಿ ನಡೆದ ಬಳಿಕ, ಕೀಲಿಗಳಿಂದ ಯಂತ್ರ ಬದಲಿಸುವ ಸೌಕರ್ಯ ಬೇಕೆನಿಸಿದರೆ, ಕೀಲಿಮಣೆಯ ಮೀಸಲು ಪೋರ್ಟಿನಲ್ಲಿ ಪ್ರಯತ್ನಿಸಬಹುದು. ಅಲ್ಲಿ ಮೌಸು ನಿಂತುಹೋದರೆ ಹಿಂದಿನ ಸ್ಥಾನಕ್ಕೆ ಮರಳುವುದೊಂದೇ ದಾರಿ. ಕೆಲವು ಸ್ವಿಚ್ಚುಗಳಲ್ಲಿ ಮೌಸಿನ ಅನುಕರಣವನ್ನು ನಿಲ್ಲಿಸುವ ಏರ್ಪಾಡು ಇರುತ್ತದೆ. ಕೈಪಿಡಿಯನ್ನು ನೋಡಿ ಅದನ್ನೂ ಪರೀಕ್ಷಿಸತಕ್ಕದ್ದು.

ರಿಸೀವರನ್ನು ಒಂದು ಮಾರುದ್ದದ ಯು.ಎಸ್.ಬಿ. ತಂತಿಯ ತುದಿಗೆ ಸಿಕ್ಕಿಸಿ, ಕೀಲಿಮಣೆಗೆ ಎದುರಾಗಿ ಮೇಜಿನ ಮೇಲೆ ತಂದಿಟ್ಟರೆ ತರಂಗಗಳ ಗೊಂದಲವು ಬಹುಮಟ್ಟಿಗೆ ಅಡಗುತ್ತದೆ. ಸ್ವಿಚ್ಚಿಗೆ ಪ್ರತ್ಯೇಕವಾದ ವಿದ್ಯುತ್ತಿನ ಆಧಾರವಿದ್ದರೆ ಅದನ್ನು ಕೊಡುವುದು ಒಳ್ಳೆಯದು. ಕೀಲಿಮಣೆಯನ್ನು ಹೊಸ ರಿಸೀವರಿಗೆ ಒಡಂಬಡಿಸುವ ಕಾರ್ಯವನ್ನು ಸ್ವಿಚ್ಚಿನ ಮೂಲಕ ಮಾಡದೆ, ರಿಸೀವರನ್ನು ಯಂತ್ರಕ್ಕೆ ನೇರವಾಗಿ ಚುಚ್ಚಿ ಮುಗಿಸಿಕೊಳ್ಳಬೇಕು. ಬಳಿಕ ಅದನ್ನು ಸ್ವಿಚ್ಚಿಗೆ ವರ್ಗಾಯಿಸಿದರೆ ಒಡಂಬಡಿಕೆಗೆ ಭಂಗ ಬರುವುದಿಲ್ಲ. ಯಂತ್ರದ ಆರಂಭದ ಹಂತದಲ್ಲಿ ಉಪಯೋಗಕ್ಕೆಂದು ತಂತಿಯ ಹಳೆಯ ಕೀಲಿಮಣೆಯೊಂದನ್ನು ಬೀರುವಿನಲ್ಲಿ ಇಟ್ಟುಕೊಂಡಿರುವುದು ಜಾಣತನ.

ಸ್ವಿಚ್ಚೇ ಇಲ್ಲದೆ, ಜಾಲದ ಮೂಲಕ ಒಂದು ಯಂತ್ರದ ಕೀಲಿಮಣೆಯನ್ನು ಇನ್ನೊಂದಕ್ಕೆ ಹಂಚುವ ತಂತ್ರಾಂಶಗಳೂ ಉಂಟು. ಅವುಗಳಿಗೆ ಎರಡು ಯಂತ್ರಗಳೂ ಒಂದೇ ಜಾಲದಲ್ಲಿರುವುದು ಅವಶ್ಯ. ಒಂದನ್ನು ಜಾಲದಿಂದ ಬೇರ್ಪಡಿಸಿ ಇಡುವುದೇ ನಮ್ಮ ಉದ್ದೇಶವಾದ ಪಕ್ಷದಲ್ಲಿ ಆ ಮಾರ್ಗವು ನಮಗೆ ಸಲ್ಲದು.

ಭದ್ರತೆಯ ಪ್ರಶ್ನೆ

ಅನುಕೂಲದ ಮಾತು ಇಲ್ಲಿಗೆ ಮುಗಿಯಿತು. ಉಳಿದಿರುವುದು ಹೊಣೆಯ ಮಾತು. ಮನೆತನಗಳ ಖಾಸಗಿ ಕಾಗದಪತ್ರಗಳನ್ನು ವಿಶ್ವಾಸದಿಂದ ಒಪ್ಪಿಸಿದವರಿಗೆ ಇತಿಹಾಸದ ವಿಭಾಗಗಳು ಉತ್ತರವಾದಿಗಳು. ಅಂಥ ಸಾಮಗ್ರಿಯನ್ನು ಅಂತರಜಾಲದಿಂದ ಬೇರ್ಪಡಿಸಿದ ಯಂತ್ರದಲ್ಲಿಟ್ಟು, ಆ ಯಂತ್ರದ ಕೀಲಿಮಣೆಯನ್ನು ಗಾಳಿಗೆ ತೆರೆದಿಟ್ಟರೆ ಕೋಟೆಯ ಹೆಬ್ಬಾಗಿಲನ್ನು ಮುಚ್ಚಿ ದಿಡ್ಡಿಬಾಗಿಲನ್ನು ತೆರೆದಂತಾಗುತ್ತದೆ.

ಇದು ಕೇವಲ ಶಂಕೆಯಲ್ಲ. 2016ರ ಫೆಬ್ರವರಿಯಲ್ಲಿ ಅಮೆರಿಕದ ಬ್ಯಾಸ್ಟಿಲ್ ಎಂಬ ಸಂಸ್ಥೆಯ ಸಂಶೋಧಕರು ಮೌಸ್‌ಜ್ಯಾಕ್ ಎಂದು ಹೆಸರಿಟ್ಟ ದೋಷವನ್ನು ಪ್ರಕಟಿಸಿದರು. ಹಲವು ತಯಾರಕರ ರಿಸೀವರುಗಳಲ್ಲಿ ಮೌಸಿನ ವರದಿಗಳು ಗೂಢಲಿಪಿಯಿಲ್ಲದೆ ಹೋಗುತ್ತಿದ್ದುವು. ಆ ದಾರಿಯಿಂದ ಹೊರಗಿನವರೊಬ್ಬರು ಸುಮಾರು 100 ಮೀಟರ್ ದೂರದಿಂದ ಕೀಲಿಗಳನ್ನು ಒತ್ತಿದಂತೆ ಯಂತ್ರಕ್ಕೆ ಆಜ್ಞೆಗಳನ್ನು ಕೊಡಲು ಸಾಧ್ಯವಾಗಿದ್ದಿತು. ಅದೇ ವರ್ಷದ ಜುಲೈ ತಿಂಗಳಲ್ಲಿ ಅವರೇ ಎಂಟು ತಯಾರಕರ ಕಡಿಮೆ ಬೆಲೆಯ ಕೀಲಿಮಣೆಗಳು ಕೀಲಿಗಳ ವರದಿಯನ್ನೇ ಗೂಢಲಿಪಿಯಿಲ್ಲದೆ ಕಳುಹಿಸುತ್ತವೆಂದೂ ಅವನ್ನು 250 ಅಡಿಗಳಷ್ಟು ದೂರದಿಂದ ಓದಬಹುದೆಂದೂ ತೋರಿಸಿದರು. ಬ್ಲೂಟೂತ್ ಕೀಲಿಮಣೆಗಳು ಈ ಎರಡು ದೋಷಗಳಿಗೆ ಗುರಿಯಾಗಿರಲಿಲ್ಲ. ತರುವಾಯ ಕೆಲವು ತಯಾರಕರು ತಮ್ಮ ರಿಸೀವರುಗಳನ್ನು ತಿದ್ದಿದರು. 2021ರಲ್ಲಿ ಲಾಜಿಟೆಕ್ ಸಂಸ್ಥೆಯು ಬ್ಲೂಟೂತಿನ ಭದ್ರತೆಯ ತತ್ತ್ವಗಳನ್ನೇ ಆಧರಿಸಿದ ಬೋಲ್ಟ್ ಎಂಬ ಹೊಸ ರಿಸೀವರನ್ನು ಹೊರತಂದಿತು. ಆದರೂ ಹೆಸರು ದೆಸೆಯಿಲ್ಲದ ಅಗ್ಗದ ಸಾಧನವು ಯಾವ ಗೂಢಲಿಪಿಯನ್ನು ಬಳಸುತ್ತದೆಂಬುದನ್ನು ಹೊರಗಿನಿಂದ ನೋಡಿ ಹೇಳಲಾಗದು.

ಇಂಥ ಕಾರಣಗಳಿಂದಲೇ ಗೋಪ್ಯವಾದ ಯಂತ್ರಗಳಿಗಾಗಿ ತಯಾರಾಗುವ ವಿಶೇಷ ಸ್ವಿಚ್ಚುಗಳ ಮಾನದಂಡವು ನಿಸ್ತಂತು ಸಾಧನಗಳನ್ನು ಹೊರಗಿಡುತ್ತದೆ. ಅಮೆರಿಕ ಸರ್ಕಾರದ ನಯಾಪ್ ಎಂಬ ವ್ಯವಸ್ಥೆಯು 2019ರಲ್ಲಿ ಪ್ರಕಟಿಸಿದ ಇಂಥ ಮಾನದಂಡದ 4.0 ಆವೃತ್ತಿಯು, ಸ್ವಿಚ್ಚಿನ ಪರಿಸರದಲ್ಲಿ ಯಾವ ನಿಸ್ತಂತು ಉಪಕರಣವೂ ಇರುವುದಿಲ್ಲವೆಂಬ ಭಾವನೆಯ ಮೇಲೆಯೇ ರಚಿತವಾಗಿದೆ. ವಿಶೇಷ ಸ್ವಿಚ್ಚನ್ನು ಕೊಳ್ಳುವ ಶಕ್ತಿ ಪ್ರತಿ ವಿಭಾಗಕ್ಕೂ ಇರಲಾರದು. ಆದರೆ ಅದರ ಹಿಂದಿರುವ ವಿವೇಕವು ಎಲ್ಲರಿಗೂ ಉಚಿತವಾಗಿಯೇ ದೊರೆಯುತ್ತದೆ.

ಸಾಮಾನ್ಯ ಪೋರ್ಟುಗಳ ವಿಷಯದಲ್ಲಿಯೂ ಒಂದು ಎಚ್ಚರ ಅವಶ್ಯ. ರಿಸೀವರಿನ ಪಕ್ಕದ ಪೋರ್ಟಿನಲ್ಲಿ ಪೆನ್‌ಡ್ರೈವೊಂದು ಉಳಿದುಬಿಟ್ಟಿದ್ದರೆ, ಗುಂಡಿಯನ್ನು ಒತ್ತಿದಾಗ ಅದೂ ಅಂತರಜಾಲದ ಯಂತ್ರದಿಂದ ಪ್ರತ್ಯೇಕವಾದ ಯಂತ್ರಕ್ಕೆ ಸಾಗುತ್ತದೆ. ವೈರಸ್ಸು ದಾಟುವುದಕ್ಕೆ ಇದಕ್ಕಿಂತ ಸುಲಭವಾದ ಸೇತುವೆ ಬೇರೆ ಬೇಕಿಲ್ಲ.

ಉಪಸಂಹಾರ

ಸಾರಾಂಶವಾಗಿ ಹೇಳುವುದಾದರೆ, ಕೆ.ವಿ.ಎಂ. ಸ್ವಿಚ್ಚು ತಂತಿಯ ಯುಗದ ಕೂಸು; ತನ್ನ ಮೂಲಕ ಹಾಯುವ ಮಾತನ್ನು ಮಾತ್ರ ಅದು ತಿರುಗಿಸಬಲ್ಲುದು. ಆದಕಾರಣ ನಿಸ್ತಂತು ಕೀಲಿಮಣೆಯನ್ನು ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದರ ಒಡಂಬಡಿಕೆ ಯಾರೊಡನೆ? ರಿಸೀವರಿನೊಡನೆ ಆಗಿದ್ದರೆ ಸ್ವಿಚ್ಚಿನೊಡನೆ ಬಾಳ್ವೆ ಸಾಧ್ಯ. ಯಂತ್ರದೊಡನೆ ಆಗಿದ್ದರೆ ಕಣ್ಣು ಒಂದು ಕಡೆ, ಕೈ ಒಂದು ಕಡೆ ಆಗುವುದು ತಪ್ಪದು. ಪತ್ರವ್ಯವಹಾರಕ್ಕೂ ಗ್ರಂಥಸೂಚಿಗಳ ಶೋಧಕ್ಕೂ ಮೀಸಲಾದ ಯಂತ್ರಗಳ ಮೇಜಿನಲ್ಲಿ ರಿಸೀವರುಳ್ಳ ನಿಸ್ತಂತು ಸಾಧನಗಳು ಧಾರಾಳವಾಗಿ ಇರಬಹುದು. ಮೂಲಪ್ರತಿಗಳನ್ನೂ ಅಚ್ಚಾಗದ ಪಾಠಗಳನ್ನೂ ಕಾಯುವ ಯಂತ್ರವು ಸೇರಿರುವ ಮೇಜಿನಲ್ಲಿ ಮಾತ್ರ ತಂತಿಯ ಕೀಲಿಮಣೆಯೇ ಇರಲಿ ಎಂಬುದು ನಮ್ಮ ಅಭಿಪ್ರಾಯ. ಒಂದು ತಂತಿಯು ಆಕ್ರಮಿಸುವ ಸ್ಥಳ ಸ್ವಲ್ಪವೇ. ಅದರಿಂದ ಉಳಿಯುವ ಪಾಠಶುದ್ಧಿಯೂ ವಿಶ್ವಾಸವೂ ಅದಕ್ಕಿಂತ ಬಹು ದೊಡ್ಡವು.